ಗೇರು ಹಾಕಿದೊಡನೆ ನಿಂತುಹೋಗುವ ಗಾಡಿ: ಕಾರಣ ಹುಡುಕುವ ಕ್ರಮ

ನಮ್ಮ ಉಚಿತ ವಾಚನಾಲಯಕ್ಕೆ ಬರುವ ಕನ್ನಡ ಬಂಧುಗಳಲ್ಲಿ ಬಹಳ ಮಂದಿ ಈಗ ಮೋಟಾರ್ ಸೈಕಲ್ಲಿನ ಮೇಲೆಯೇ ಬರುತ್ತಾರೆ. ಅಂಬತ್ತೂರಿನ ಕಾರ್ಖಾನೆಗಳಿಗೆ ಹೋಗುವವರು, ಒರಗಡಂ, ಶ್ರೀಪೆರಂಬುದೂರುಗಳ ಕಡೆ ಪಾಳಿಯ ಕೆಲಸದವರು, ಪಾರಿಸ್ ಕಾರ್ನರಿನ ಅಂಗಡಿಗಳಲ್ಲಿ ಲೆಕ್ಕ ಬರೆಯುವವರು, ಇವರೆಲ್ಲರಿಗೂ ಗಾಡಿಯೇ ಕಾಲು. ಅವುಗಳಲ್ಲಿ ಹೊಸ ಗಾಡಿ ಕಡಮೆ. ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ಬಂದವೇ ಹೆಚ್ಚು. ಇಂಥ ಗಾಡಿ ಬೆಳಗಿನ ಪಾಳಿಯ ಹೊತ್ತಿಗೆ ಮುಷ್ಕರ ಹೂಡಿದರೆ ಅರ್ಧ ದಿನದ ಹಾಜರಿ ಹೋಯಿತೆಂದೇ ಲೆಕ್ಕ. ಅದರ ಮೇಲೆ ದುರಸ್ತಿಯ ಖರ್ಚು ಬೇರೆ. ಊರಿಗೆ ಕಳಿಸಬೇಕಾದ ಹಣದಲ್ಲಿ ಅಷ್ಟು ಖೋತಾ.

ವಾಚಕರು ನಮ್ಮಲ್ಲಿ ಪದೇ ಪದೇ ಹೇಳಿಕೊಳ್ಳುವ ದೂರು ಒಂದಿದೆ. “ಗಾಡಿ ನ್ಯೂಟ್ರಲಿನಲ್ಲಿ ಸೊಗಸಾಗಿ ಓಡುತ್ತದೆ, ಗೇರು ಹಾಕಿದರೆ ಆಫ್ ಆಗಿಬಿಡುತ್ತದೆ.” ಇಷ್ಟು ಹೇಳಿ ಗಾಡಿಯನ್ನು ಒಪ್ಪಿಸಿ ಬಂದರೆ ಏನು ಬಿಚ್ಚಬೇಕು, ಏನು ಬದಲಿಸಬೇಕು ಎಂಬುದೆಲ್ಲ ಎದುರಿನವರ ಊಹೆಗೆ ಬಿಟ್ಟ ವಿಷಯವಾಗುತ್ತದೆ. ಕಾರ್ಬೊರೇಟರು ಬಿಚ್ಚಿದ್ದಾಯಿತು, ಪ್ಲಗ್ಗು ಬದಲಾಯಿತು, ಕ್ಲಚ್ ಪ್ಲೇಟು ಹೊಸದಾಯಿತು, ಆದರೂ ಗಾಡಿ ಮೊದಲಿನಂತೆಯೇ ನಿಲ್ಲುತ್ತದೆ ಎಂಬ ಸಂಗತಿಗಳನ್ನೂ ನಾವು ಕೇಳಿದ್ದೇವೆ.

ನಾವು ಮೆಕ್ಯಾನಿಕರಲ್ಲ, ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುವವರು. ಲೆಕ್ಕ ತಾಳೆಯಾಗದಿದ್ದಾಗ ಯಾರೂ ವರ್ಷದ ಪುಸ್ತಕವನ್ನೆಲ್ಲ ಹರಡಿಕೊಂಡು ಕೂರುವುದಿಲ್ಲ. ಎಲ್ಲಿಯವರೆಗೆ ಸರಿಯಿತ್ತು, ಯಾವ ಪುಟದಲ್ಲಿ ತಪ್ಪಿತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುತ್ತೇವೆ. ಗಾಡಿಯ ವಿಷಯದಲ್ಲೂ ಕ್ರಮ ಅದೇ. ಎಂಜಿನು ನಿಂತದ್ದು ಕೊನೆಯ ಸಂಗತಿ. ಅದಕ್ಕೆ ಮುಂಚಿನ ಕ್ಷಣದಲ್ಲಿ ಏನಾಯಿತು ಎಂಬುದೇ ಮುಖ್ಯ. ಅದನ್ನು ಗಮನಿಸಲು ಕಾಸು ಖರ್ಚಿಲ್ಲ, ಸ್ಪ್ಯಾನರೂ ಬೇಕಿಲ್ಲ.

1. ಕ್ಲಚ್ಚು ಮಾಡುವ ಕೆಲಸ

ಗಿರಣಿಯ ಬಂಧುಗಳಿಗೆ ಇದನ್ನು ತಿಳಿಸುವುದು ಸುಲಭ. ಹಳೆಯ ಬಟ್ಟೆ ಗಿರಣಿಗಳಲ್ಲಿ ಚಾವಣಿಯ ಕೆಳಗೆ ಉದ್ದಕ್ಕೂ ಒಂದು ಶಾಫ್ಟು ಎಡೆಬಿಡದೆ ತಿರುಗುತ್ತಿತ್ತು. ಅದರಿಂದ ಒಂದೊಂದು ಮಗ್ಗಕ್ಕೂ ಒಂದೊಂದು ಬೆಲ್ಟು. ಮಗ್ಗದ ಬದಿಯಲ್ಲಿ ಎರಡು ಗಾಲಿ: ಒಂದನ್ನು ಮಗ್ಗದ ದಂಡಕ್ಕೆ ಬಿಗಿದಿರುತ್ತಿದ್ದರು, ಇನ್ನೊಂದು ಸುಮ್ಮನೆ ಸುತ್ತುತ್ತಿತ್ತು. ಬೆಲ್ಟನ್ನು ಸಡಿಲು ಗಾಲಿಗೆ ಸರಿಸಿದರೆ ಮೇಲಿನ ಶಾಫ್ಟು ತಿರುಗುತ್ತಿದ್ದರೂ ಮಗ್ಗ ನಿಲ್ಲುತ್ತಿತ್ತು. ಬಿಗಿ ಗಾಲಿಗೆ ಸರಿಸಿದರೆ ಮಗ್ಗ ನಡೆಯುತ್ತಿತ್ತು.

ಮೋಟಾರ್ ಸೈಕಲ್ಲಿನಲ್ಲಿ ಈ ಕೆಲಸವನ್ನು ಮಾಡುವುದು ಕ್ಲಚ್ಚು. ಅದರೊಳಗೆ ಬಿಲ್ಲೆಗಳಂಥ ಪ್ಲೇಟುಗಳ ಸಾಲು ಇದೆ. ಒಂದು ಬಿಟ್ಟು ಒಂದರಂತೆ ಕೆಲವು ಎಂಜಿನಿನೊಡನೆ, ಕೆಲವು ಗೇರಿನ ಪೆಟ್ಟಿಗೆಯೊಡನೆ ತಿರುಗುತ್ತವೆ. ಸ್ಪ್ರಿಂಗುಗಳು ಅವನ್ನೆಲ್ಲ ಒತ್ತಿ ಹಿಡಿದಾಗ ಎಂಜಿನಿನ ಬಲ ಹಿಂದಿನ ಚಕ್ರಕ್ಕೆ ಹೋಗುತ್ತದೆ. ಎಡಗೈಯಿಂದ ಲಿವರು ಹಿಡಿದಾಗ ಒತ್ತಡ ಬಿಟ್ಟು ಪ್ಲೇಟುಗಳು ಬೇರೆಯಾಗುತ್ತವೆ. ಎಂಜಿನು ತನ್ನ ಪಾಡಿಗೆ ತಾನು ಓಡುತ್ತದೆ, ಚಕ್ರ ನಿಂತಿರುತ್ತದೆ.

ನ್ಯೂಟ್ರಲಿನಲ್ಲಿ ಎಂಜಿನಿಗೂ ಚಕ್ರಕ್ಕೂ ಹೇಗೂ ಸಂಬಂಧವಿಲ್ಲ. ಆದ್ದರಿಂದ ಕ್ಲಚ್ಚು ಕೆಟ್ಟಿದ್ದರೂ, ಎಂಜಿನಿನಲ್ಲಿ ಕಸುವು ಇಲ್ಲದಿದ್ದರೂ ನ್ಯೂಟ್ರಲಿನಲ್ಲಿ ಗೊತ್ತಾಗುವುದಿಲ್ಲ. ಗೇರು ಹಾಕಿದಾಗಲೇ ಪರೀಕ್ಷೆ. “ನ್ಯೂಟ್ರಲಿನಲ್ಲಿ ಚೆನ್ನಾಗಿ ಓಡುತ್ತದೆ” ಎಂಬ ಮಾತನ್ನು ಎಂಜಿನಿಗೆ ಕೊಟ್ಟ ಯೋಗ್ಯತಾಪತ್ರವೆಂದು ತಿಳಿಯಕೂಡದು.

2. ನಿಲ್ಲುವ ಮೂರು ಬಗೆ

ಬಯಲು ಜಾಗದಲ್ಲಿ, ಮುಂದೆ ಯಾರೂ ಇಲ್ಲದಿರುವಾಗ, ಬ್ರೇಕು ಹಿಡಿದುಕೊಂಡು ಎಂಜಿನು ಚಾಲೂ ಮಾಡಿ. ಕ್ಲಚ್ಚು ಪೂರ್ತಿ ಹಿಡಿದು ಒಂದನೆಯ ಗೇರು ಹಾಕಿ. ಈಗ ಗಮನಿಸಿ.

ಮೊದಲ ಬಗೆ: ಗಾಡಿ ಅಲುಗುವುದಿಲ್ಲ, ನುಗ್ಗುವುದಿಲ್ಲ, ದೀಪದ ಸ್ವಿಚ್ಚು ಒತ್ತಿದಂತೆ ಎಂಜಿನು ತಟ್ಟನೆ ನಿಲ್ಲುತ್ತದೆ. ಇದು ಹೆಚ್ಚಾಗಿ ಕರೆಂಟಿನ ವಿಷಯ, ಅದರಲ್ಲೂ ಸೈಡ್ ಸ್ಟ್ಯಾಂಡಿನದು.

ಎರಡನೆಯ ಬಗೆ: ಕ್ಲಚ್ಚು ಹಿಡಿದೇ ಇದ್ದರೂ ‘ಕಡಕ್’ ಎಂಬ ಸದ್ದಿನೊಡನೆ ಗಾಡಿ ಮುಂದಕ್ಕೆ ಮುಗ್ಗರಿಸಿ ನಿಲ್ಲುತ್ತದೆ. ಇಲ್ಲಿ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ.

ಮೂರನೆಯ ಬಗೆ: ಗೇರು ಸರಿಯಾಗಿ ಬೀಳುತ್ತದೆ, ಗಾಡಿ ನಿಂತಲ್ಲೇ ಓಡುತ್ತಿರುತ್ತದೆ. ಕ್ಲಚ್ಚನ್ನು ಮೆಲ್ಲಗೆ ಬಿಡುತ್ತ ಬಂದಾಗ ಏದುಸಿರು ಬಿಟ್ಟಂತೆ ಮಾಡಿ ನಿಲ್ಲುತ್ತದೆ. ಇಲ್ಲಿ ಎಂಜಿನಿಗೆ ಹೊರೆ ಎಳೆಯುವ ಶಕ್ತಿ ಸಾಲದು, ಇಲ್ಲವೆ ಹೊರೆಯೇ ಹೆಚ್ಚಾಗಿದೆ.

ಮೂರಕ್ಕೂ ಮದ್ದು ಬೇರೆ ಬೇರೆ. ಈ ಭೇದವನ್ನು ತಿಳಿದವನಿಗೆ ಅರ್ಧ ದುರಸ್ತಿ ಆದಂತೆಯೇ.

3. ತಟ್ಟನೆ ನಿಂತರೆ: ಸ್ಟ್ಯಾಂಡನ್ನು ನೋಡಿ

ಈಚಿನ ವರ್ಷಗಳಲ್ಲಿ ತಯಾರಾದ ಹಲವು ಗಾಡಿಗಳಲ್ಲಿ ಸೈಡ್ ಸ್ಟ್ಯಾಂಡಿನ ಬುಡದಲ್ಲಿ ಒಂದು ಸಣ್ಣ ಸ್ವಿಚ್ಚು ಇದೆ. ಸ್ಟ್ಯಾಂಡು ಕೆಳಗಿರುವಾಗ ಗೇರು ಹಾಕಿದರೆ ಎಂಜಿನನ್ನು ನಿಲ್ಲಿಸುವುದೇ ಅದರ ಕೆಲಸ. ಇದು ಕಾಯಿಲೆಯಲ್ಲ, ಕಾವಲು. ಹಳೆಯ ಗಾಡಿಯಿಂದ ಹೊಸ ಗಾಡಿಗೆ ಬಂದವರು ಇದನ್ನರಿಯದೆ ಗಾಬರಿಗೊಳ್ಳುವುದುಂಟು.

ಸ್ಟ್ಯಾಂಡು ಎತ್ತಿದ್ದರೂ ಹೀಗೆಯೇ ಆದರೆ ಎರಡು ಸಂಗತಿ ನೋಡಬೇಕು. ಸ್ಟ್ಯಾಂಡಿನ ಸ್ಪ್ರಿಂಗು ಸಡಿಲಾಗಿ ಅದು ಪೂರ್ತಿ ಮೇಲಕ್ಕೆ ಹೋಗದೆ ಬೆರಳಷ್ಟು ಕೆಳಗೇ ನಿಂತಿದೆಯೇ? ಸ್ವಿಚ್ಚಿನೊಳಗೆ ಕೆಸರು ಸೇರಿದೆಯೇ? ಮಳೆಗಾಲದಲ್ಲಿ ನಮ್ಮ ಬೀದಿಗಳ ಕೆಸರು ನೇರವಾಗಿ ಆ ಸ್ಥಳಕ್ಕೇ ಎರಚುತ್ತದೆ. ಎಂಜಿನು ನಿಲ್ಲಿಸಿ ಹಳೆಯ ಬ್ರಷ್ಷಿನಿಂದಲೂ ಬಟ್ಟೆಯಿಂದಲೂ ಶುಚಿಮಾಡಿ ಒಣಗಿಸಿ, ಸ್ಟ್ಯಾಂಡಿನ ಕೀಲಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಿ ನೋಡಿ. ಅಷ್ಟಕ್ಕೇ ಗಾಡಿ ಸರಿಹೋಗುವುದು ಅಪರೂಪವಲ್ಲ. ಹೋಗದಿದ್ದರೆ ಸ್ವಿಚ್ಚನ್ನೂ ಅದರ ವಯರನ್ನೂ ಎಲೆಕ್ಟ್ರಿಷಿಯನ್ನನಿಂದ ನೋಡಿಸಬೇಕು.

ಸ್ವಿಚ್ಚಿನ ವಯರನ್ನು ಕತ್ತರಿಸಿ ಒಟ್ಟಿಗೆ ಸುತ್ತಿಬಿಟ್ಟರೆ ತೊಂದರೆ ತೀರಿತು ಎಂದು ಹೇಳುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ಸ್ಟ್ಯಾಂಡು ಇರುವುದು ಎಡಬದಿಯಲ್ಲಿ. ಅದು ಕೆಳಗಿರುವಂತೆಯೇ ಹೊರಟು ಎಡಕ್ಕೆ ತಿರುಗಿದರೆ ಗಾಡಿ ಎಡಕ್ಕೆ ವಾಲುತ್ತದೆ, ಸ್ಟ್ಯಾಂಡು ನೆಲಕ್ಕೆ ತಾಗಿ ಸವಾರನನ್ನು ಎತ್ತಿ ಒಗೆಯುತ್ತದೆ. ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಿನಲ್ಲಿ ಹೊರಡುವ ನಮ್ಮಂಥವರಿಗೆಂದೇ ಆ ಕಾವಲು ಇರುವುದು.

4. ಮುಗ್ಗರಿಸಿ ನಿಂತರೆ: ಕ್ಲಚ್ಚನ್ನು ನೋಡಿ

ಇದಕ್ಕೆ ಇನ್ನೆರಡು ಲಕ್ಷಣಗಳೂ ಜೊತೆಗಿರುತ್ತವೆ. ಸಿಗ್ನಲಿನಲ್ಲಿ ನಿಂತಾಗ ಎಷ್ಟು ಒದ್ದರೂ ನ್ಯೂಟ್ರಲು ಸಿಕ್ಕುವುದಿಲ್ಲ. ಕ್ಲಚ್ಚು ಹಿಡಿದಿದ್ದರೂ ಗಾಡಿ ಇಷ್ಟಿಷ್ಟೇ ಮುಂದಕ್ಕೆ ಜಾರುತ್ತಿರುತ್ತದೆ. ಈ ಎರಡನೆಯದು ಅಪಾಯದ ಸಂಗತಿ. ರಸ್ತೆ ದಾಟುತ್ತಿರುವವರು ನಮ್ಮ ಗಾಡಿಯ ಮುಂದೆಯೇ ಇರುತ್ತಾರೆ.

ಪರೀಕ್ಷೆ ಹೀಗೆ. ಎಂಜಿನು ನಿಲ್ಲಿಸಿ ಕೀಲಿ ತೆಗೆಯಿರಿ. ಒಂದನೆಯ ಗೇರು ಹಾಕಿ, ಕ್ಲಚ್ಚು ಪೂರ್ತಿ ಹಿಡಿದು ಗಾಡಿಯನ್ನು ತಳ್ಳಿ ನೋಡಿ. ಮೊದಲ ಅರ್ಧ ಸುತ್ತಿನಲ್ಲಿ ಕೊಂಚ ಬಿಗಿಯಿದ್ದು ಆಮೇಲೆ ಹಗುರವಾದರೆ ಸರಿ. ಮೂಟೆ ಹೇರಿದ ಕೈಗಾಡಿಯಂತೆ ಭಾರವಾಗಿಯೇ ಉಳಿದರೆ ಪ್ಲೇಟುಗಳು ಬೇರೆಯಾಗುತ್ತಿಲ್ಲ. ಎಂಜಿನು ಓಡುತ್ತಿರುವಾಗ ಚಕ್ರದ ಬಳಿಗಾಗಲಿ ಚೈನಿನ ಬಳಿಗಾಗಲಿ ಕೈ ಒಯ್ಯಲೇಕೂಡದು. ಬೆರಳು ಕಳೆದುಕೊಂಡರೆ ಮರಳಿ ಬಾರದು.

ಮೊದಲ ಗುಮಾನಿ ಕ್ಲಚ್ ಕೇಬಲಿನ ಮೇಲೆ. ಲಿವರನ್ನು ಮೆಲ್ಲಗೆ ಎಳೆದರೆ ಆರಂಭದಲ್ಲಿ ಅದು ಸುಮ್ಮನೆ ಚಲಿಸಿ, ಆಮೇಲೆ ಬಿಗಿಯಾಗುತ್ತದೆ. ಆ ಸುಮ್ಮನೆಯ ಚಲನೆಗೆ ಮೆಕ್ಯಾನಿಕರು ‘ಪ್ಲೇ’ ಎನ್ನುತ್ತಾರೆ. ನಮ್ಮಲ್ಲಿ ಓಡುವ ಹೆಚ್ಚಿನ ಸಣ್ಣ ಗಾಡಿಗಳಲ್ಲಿ ಲಿವರಿನ ತುದಿಯಲ್ಲಿ ಅಳೆದರೆ ಇದು 10ರಿಂದ 20 ಮಿಲಿಮೀಟರು, ಅಂದರೆ ಸುಮಾರು ಒಂದು ಬೆರಳಗಲ ಇರಬೇಕು. ಕೇಬಲು ಹಳತಾಗಿ ಹಿಗ್ಗಿದರೆ ಈ ಸಡಿಲು ಎರಡು ಮೂರು ಬೆರಳಗಲವಾಗುತ್ತದೆ. ಆಗ ಲಿವರು ಹಿಡಿಗೆ ತಾಗಿದರೂ ಒಳಗಿನ ಪ್ಲೇಟಿಗೆ ಎಳೆತ ಸಾಲುವುದಿಲ್ಲ.

ಸರಿಪಡಿಸುವ ಕ್ರಮ: ಲಿವರಿನ ಬಳಿಯ ರಬ್ಬರ್ ಟೋಪಿ ಸರಿಸಿ, ಬಿಗಿ ಉಂಗುರವನ್ನು ಸಡಿಲಿಸಿ, ಹೊಂದಿಕೆಯ ತಿರುಪನ್ನು ಹೊರಕ್ಕೆ ತಿರುಗಿಸುತ್ತ ಬನ್ನಿ. ತಿರುಪು ಹೊರಕ್ಕೆ ಬಂದಷ್ಟೂ ಸಡಿಲು ಕಡಮೆಯಾಗುತ್ತದೆ. ಒಂದು ಬೆರಳಗಲಕ್ಕೆ ಬಂದಾಗ ನಿಲ್ಲಿಸಿ ಉಂಗುರ ಬಿಗಿಯಿರಿ. ತಿರುಪು ಕಳಚಿ ಬರುವಷ್ಟು ಹೊರಗೆ ಬಂದರೂ ಸಾಲದಿದ್ದರೆ ಅದನ್ನು ಒಳಕ್ಕೆ ಹಾಕಿ, ಎಂಜಿನಿನ ಕಡೆಯ ಕೆಳಗಿನ ನಟ್ಟಿನಲ್ಲಿ ಹೊಂದಿಸಬೇಕು. ಕೇಬಲಿನ ತುದಿಯಲ್ಲಿ ಒಂದು ಎಳೆ ಬಿಚ್ಚಿಕೊಂಡಿದ್ದರೂ ಹೊಂದಿಸುವ ಗೋಜು ಬೇಡ, ಹೊಸ ಕೇಬಲನ್ನೇ ಹಾಕಿಸತಕ್ಕದ್ದು. ಉಳಿದ ಎಳೆಗಳು ಕತ್ತರಿಸುವುದು ನಡುರಸ್ತೆಯಲ್ಲಿಯೇ.

ಸಡಿಲನ್ನು ಪೂರ್ತಿ ತೆಗೆದುಬಿಡುವುದೂ ತಪ್ಪು. ಆಗ ಪ್ಲೇಟುಗಳು ಸರಿಯಾಗಿ ಕೂಡದೆ ಜಾರುತ್ತವೆ. ಫ್ಲೈಓವರ್ ಏರುವಾಗ ಎಂಜಿನು ಕೂಗುತ್ತದೆ, ಗಾಡಿ ಮಾತ್ರ ಏರುವುದಿಲ್ಲ. ಕೆಲವೇ ದಿನಗಳಲ್ಲಿ ಪ್ಲೇಟು ಸುಟ್ಟುಹೋಗುತ್ತದೆ.

ಕೇಬಲು ಸರಿಯಿದ್ದೂ ಗಾಡಿ ಮುಗ್ಗರಿಸಿದರೆ ಪ್ಲೇಟುಗಳ ಕಡೆ ತಿರುಗಬೇಕು. ಊರಿಗೆ ಹೋಗಿ ತಿಂಗಳು ಬಿಟ್ಟು ಬಂದರೆ ಎಣ್ಣೆಯ ಅಂಟಿನಿಂದ ಪ್ಲೇಟುಗಳು ಒಂದಕ್ಕೊಂದು ಹತ್ತಿಕೊಂಡಿರುತ್ತವೆ. ಎಂಜಿನು ನಿಲ್ಲಿಸಿ, ಗೇರಿನಲ್ಲಿಟ್ಟು, ಕ್ಲಚ್ಚು ಹಿಡಿದು ಗಾಡಿಯನ್ನು ಹಿಂದೆ ಮುಂದೆ ತೂಗಿದರೆ ಅನೇಕ ವೇಳೆ ಬಿಟ್ಟುಕೊಳ್ಳುತ್ತವೆ. ಹಳೆಯ ಎಣ್ಣೆಯನ್ನೂ, ಕೈಪಿಡಿಯಲ್ಲಿ ಹೇಳಿದ್ದಕ್ಕಿಂತ ಮಂದವಾದ ಎಣ್ಣೆಯನ್ನೂ ಬದಲಿಸಬೇಕು. ಚೆನ್ನೈಯ ಸೆಕೆಯಲ್ಲಿ ಮಂದ ಎಣ್ಣೆಯ ತೊಂದರೆ ಅಷ್ಟಾಗಿ ಕಾಣದು. ಅದೇ ಗಾಡಿ ಹಾಸನಕ್ಕೋ ಮಡಿಕೇರಿಗೋ ಹೋದರೆ ಬೆಳಗಿನ ಚಳಿಯಲ್ಲಿ ಕಾಣುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಪ್ಲೇಟುಗಳು ಕಾದು ಸೊಟ್ಟಗಾಗಿರಬಹುದು. ವಾಹನಗಳ ಸಂದಣಿಯಲ್ಲಿ ಲಿವರನ್ನು ಅರ್ಧ ಹಿಡಿದೇ ತೆವಳಿಸುವ ಅಭ್ಯಾಸದಿಂದ ಆಗುವ ಹಾನಿ ಇದು. ಗಿಂಡಿ, ಕೋಯಂಬೇಡುಗಳ ಸಿಗ್ನಲುಗಳಲ್ಲಿ ನ್ಯೂಟ್ರಲಿಗೆ ತಂದು ನಿಲ್ಲುವವನ ಪ್ಲೇಟು ಹೆಚ್ಚು ಕಾಲ ಬಾಳುತ್ತದೆ. ಪ್ಲೇಟು ಬಿಚ್ಚುವ ಕೆಲಸ ಮಾತ್ರ ಬಲ್ಲವರ ಕೈಯಲ್ಲೇ ಆಗಬೇಕು.

5. ಬುಲೆಟ್ಟು ಮತ್ತು ಜಾವಾ

ಹಳೆಯ ಗಾಡಿಗಳನ್ನು ಪ್ರೀತಿಯಿಂದ ಇಟ್ಟುಕೊಂಡವರಿಗಾಗಿ ಎರಡು ಮಾತು. 1955ರಲ್ಲಿ ಮದರಾಸ್ ಮೋಟರ್ಸಿನವರು ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡಿನವರೊಡನೆ ಸೇರಿ ಎನ್‌ಫೀಲ್ಡ್ ಇಂಡಿಯಾ ಕಂಪೆನಿಯನ್ನು ಕಟ್ಟಿದರು. ನಮ್ಮ ಉತ್ತರ ಚೆನ್ನೈಯ ತಿರುವೊಟ್ಟಿಯೂರಿನ ಕಾರ್ಖಾನೆಯಿಂದ ಹೊರಬಿದ್ದ ಬುಲೆಟ್ಟು ದೇಶದ ಮೂಲೆ ಮೂಲೆಗೂ ಹೋಯಿತು. ಆ ಹಳೆಯ ನಾಲ್ಕು ಗೇರಿನ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ. ಒಂದನೆಯದು ಮೇಲಕ್ಕೆ, ಉಳಿದವು ಕೆಳಕ್ಕೆ. ಬೇರೆ ಗಾಡಿಯ ರೂಢಿಯವನು ಹತ್ತಿ ಕೆಳಕ್ಕೆ ಒತ್ತಿದರೆ ಬೀಳುವುದು ಎರಡನೆಯ ಗೇರು. ಅದರಲ್ಲಿ ಹೊರಡಲು ಹೋಗಿ ಎಂಜಿನು ನಿಂತರೆ ತಪ್ಪು ಗಾಡಿಯದಲ್ಲ. ಈ ಗಾಡಿಯ ಪ್ಲೇಟುಗಳು ರಾತ್ರಿ ಕಳೆಯುವಷ್ಟರಲ್ಲೇ ಅಂಟಿಕೊಳ್ಳುವುದುಂಟು. ಬಲ್ಲವರು ಬೆಳಗ್ಗೆ ಕೀಲಿ ಹಾಕುವ ಮುನ್ನ ಕ್ಲಚ್ಚು ಹಿಡಿದು ಮೂರು ನಾಲ್ಕು ಸಲ ಕಿಕ್ ಒದ್ದು ಪ್ಲೇಟು ಬಿಡಿಸಿಕೊಳ್ಳುತ್ತಾರೆ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಗಾಡಿ ತಯಾರಿಸಿ 1996ರಲ್ಲಿ ಮುಚ್ಚಿತು. ಅಲ್ಲಿಯ ಜಾವಾ, ಯೆಜ್ಡಿಗಳಲ್ಲಿ ಕಿಕ್ಕಿನ ದಂಡವೇ ಗೇರಿನ ದಂಡ. ಹಲವು ಮಾದರಿಗಳಲ್ಲಿ ಗೇರು ಒತ್ತಿದಾಗ ಕಾಲಿನ ಒತ್ತಡದಿಂದಲೇ ಕ್ಲಚ್ಚು ತಾನಾಗಿ ಬಿಡುವ ಏರ್ಪಾಡೂ ಇದೆ. ಆದಕಾರಣ ಅಂಥ ಗಾಡಿ ಮುಗ್ಗರಿಸಿದರೆ ಕೇಬಲಿನ ಜೊತೆಗೆ ಒಳಗಿನ ಆ ಏರ್ಪಾಡಿನ ಹೊಂದಿಕೆಯನ್ನೂ ನೋಡಬೇಕು. ಜಾವಾ ಗಾಡಿಯನ್ನೇ ಬಲ್ಲ ಹಳೆಯ ಕೈಗೆ ಒಪ್ಪಿಸುವುದು ಮೇಲು.

6. ಏದುಸಿರು ಬಿಟ್ಟು ನಿಂತರೆ: ಎಂಜಿನು ಮತ್ತು ಹೊರೆ

ಮೊದಲು ಹೊರೆಯನ್ನು ನೋಡಿ. ನ್ಯೂಟ್ರಲಿನಲ್ಲಿ ಗಾಡಿ ತಳ್ಳಿದರೆ ಹಗುರವಾಗಿ ಹೋಗುತ್ತದೆಯೇ? ಹೋಗದಿದ್ದರೆ ಬ್ರೇಕು ಹಿಡಿದುಕೊಂಡಿದೆ, ಇಲ್ಲವೆ ಚೈನು ಅತಿಯಾಗಿ ಬಿಗಿದಿದೆ. ಎಂಜಿನಿನ ಮೇಲೆ ಅಪವಾದ ಹೊರಿಸುವ ಮುನ್ನ ಇದನ್ನು ತೀರ್ಮಾನಿಸಿಕೊಳ್ಳಿ.

ಆಮೇಲೆ ನಿಂತಲ್ಲಿ ಓಡುವ ವೇಗ. ಮೆಕ್ಯಾನಿಕರು ಇದನ್ನು ‘ಸ್ಲೋ’ ಎನ್ನುತ್ತಾರೆ. ಸಣ್ಣ ಗಾಡಿಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 1,300ರಿಂದ 1,500 ಸುತ್ತು ಇರುತ್ತದೆ. ಪೆಟ್ರೋಲು ಉಳಿಸುವ ಆಸೆಯಿಂದ ಇದನ್ನು ತೀರ ಇಳಿಸಿಕೊಂಡವರ ಗಾಡಿ ಹೊರೆ ಬಿದ್ದೊಡನೆ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ಕಾರ್ಬೊರೇಟರಿನ ಗಾಡಿಯಲ್ಲಿ ಎಂಜಿನು ಬಿಸಿಯಾದ ಮೇಲೆ ಸ್ಲೋ ತಿರುಪನ್ನು ಕಾಲು ಸುತ್ತು ಏರಿಸಿ ನೋಡಬಹುದು. ಅದಕ್ಕೂ ಬಗ್ಗದಿದ್ದರೆ ಗಾಳಿ ಶೋಧಕದ ಧೂಳು, ಪ್ಲಗ್ಗಿನ ಮಸಿ, ಕಾರ್ಬೊರೇಟರಿನ ಪೈಲಟ್ ಜೆಟ್ಟಿನಲ್ಲಿ ಕಟ್ಟಿದ ಕಸ, ಈ ಕ್ರಮದಲ್ಲಿ ನೋಡಿಸಬೇಕು. ಪೈಲಟ್ ಜೆಟ್ಟಿನ ತೂತು ಬಹಳ ಸಣ್ಣದು. ಎಂಜಿನಿಗೆ ನಿಂತಲ್ಲಿ ಸಿಗುವ ಪೆಟ್ರೋಲು ಅದರ ಮೂಲಕವೇ ಬರುವುದು.

2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ನಿಯಮ ಜಾರಿಗೆ ಬಂದ ಮೇಲೆ ತಯಾರಾದ ಬಹುತೇಕ ಗಾಡಿಗಳಲ್ಲಿ ಕಾರ್ಬೊರೇಟರು ಇಲ್ಲ, ಫ್ಯೂಯೆಲ್ ಇಂಜೆಕ್ಷನ್ ಇದೆ. ಅಲ್ಲಿ ತಿರುಪು ಹುಡುಕಿ ತಿರುಗಿಸಲು ಹೋಗಕೂಡದು. ಮೀಟರಿನಲ್ಲಿ ಎಂಜಿನಿನ ಎಚ್ಚರಿಕೆ ದೀಪ ಉರಿಯುತ್ತಲೇ ಇದೆಯೇ ಎಂದು ನೋಡಿಕೊಂಡು, ಸರ್ವೀಸಿನವರಿಗೆ ಹಾಗೆಯೇ ಹೇಳಬೇಕು.

ಕೊನೆಯದಾಗಿ ಸವಾರನ ಕೈ. ಹೊಸದಾಗಿ ಕಲಿತವರು ರೇಸು ಕೊಡುವ ಮುನ್ನವೇ ಕ್ಲಚ್ಚನ್ನು ಥಟ್ಟನೆ ಬಿಡುತ್ತಾರೆ. ಪರಿಚಿತ ಸವಾರನೊಬ್ಬನಿಗೆ ಗಾಡಿ ಕೊಟ್ಟು ನೋಡಿದರೆ ತೊಂದರೆ ಎಲ್ಲಿದೆ ಎಂಬುದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

7. ನೀರಿನಲ್ಲಿ ಮುಳುಗಿದ ಗಾಡಿ

2015ರ ಡಿಸೆಂಬರಿನ ಪ್ರವಾಹದಲ್ಲೂ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲೂ ಚೆನ್ನೈಯ ಬೀದಿಗಳಲ್ಲಿ ಗಾಡಿಗಳು ನೀರಿನೊಳಗೆ ನಿಂತದ್ದನ್ನು ನಾವೆಲ್ಲ ಕಂಡಿದ್ದೇವೆ. ಇಂಥ ಗಾಡಿಯನ್ನು ನೀರು ಇಳಿದೊಡನೆ ಚಾಲೂ ಮಾಡಿ ನೋಡುವ ಆತುರ ಬೇಡ. ಎಂಜಿನಿನೊಳಗೆ ನೀರು ಸೇರಿದ್ದರೆ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಾಣುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಕ್ಲಚ್ಚು ಮುಳುಗಿರುವುದೂ ಅದೇ ಎಣ್ಣೆಯಲ್ಲಿ. ಉಕ್ಕಿನ ಪ್ಲೇಟು ತುಕ್ಕು ಹಿಡಿದು ಅಂಟುವುದು, ತಿಂಗಳ ಮೇಲೆ ಗೇರು ಹಾಕಿದಾಗ ಗಾಡಿ ಮುಗ್ಗರಿಸುವುದು ಇದರಿಂದಲೇ. ಮೊದಲು ಎಣ್ಣೆ ಬಸಿದು ಹೊಸದನ್ನು ಹಾಕಿಸಿ, ಕೊಂಚ ಓಡಿಸಿ, ಮತ್ತೊಮ್ಮೆ ಬದಲಿಸಬೇಕು. ಪೆಟ್ರೋಲನ್ನೂ ಬಸಿಯಬೇಕು. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲಿಗೆ ನೀರನ್ನು ಸೆಳೆದುಕೊಳ್ಳುವ ಗುಣವಿದೆ.

ಹಳೆಯ ಗಾಡಿ ಕೊಳ್ಳುವವರು ಎಣ್ಣೆ ನೋಡುವ ಕಿಂಡಿಯನ್ನೋ ಕಡ್ಡಿಯನ್ನೋ ಪರೀಕ್ಷಿಸದೆ ಮುಂಗಡ ಕೊಡಬೇಡಿ.

8. ಮೆಕ್ಯಾನಿಕರ ಬಳಿ ಹೇಳುವ ಮಾತು

ಬಂದ ಹೊಸತಿನಲ್ಲಿ ತಮಿಳು ಬಾರದೆ ಅನೇಕರು ಗಾಡಿಯನ್ನು ತೋರಿಸಿ ಸುಮ್ಮನೆ ನಿಲ್ಲುತ್ತಾರೆ. ಈ ಐದು ವಾಕ್ಯ ಬಾಯಿಪಾಠವಾದರೆ ಸಾಕು.

“ಗೇರ್ ಪೋಟ್ಟಾ ವಂಡಿ ಆಫ್ ಆಯಿಡುದು.” ಗೇರು ಹಾಕಿದರೆ ಗಾಡಿ ನಿಂತುಹೋಗುತ್ತದೆ.

“ಕ್ಲಚ್ ಪಿಡಿಚ್ಚಿರುಂದಾಲುಂ ವಂಡಿ ಮುನ್ನಾಡಿ ಇಳುಕ್ಕುದು.” ಕ್ಲಚ್ಚು ಹಿಡಿದಿದ್ದರೂ ಗಾಡಿ ಮುಂದಕ್ಕೆ ಎಳೆಯುತ್ತದೆ.

“ಕ್ಲಚ್ ವಿಡುಂಬೋದುದಾನ್ ಆಫ್ ಆಗುದು.” ಕ್ಲಚ್ಚು ಬಿಡುವಾಗಲೇ ನಿಲ್ಲುತ್ತದೆ.

“ಎವ್ವಳವು ಆಗುಂನು ಮೊದಲ್ಲೆಯೇ ಸೊಲ್ಲುಂಗ.” ಎಷ್ಟಾಗುತ್ತದೆಂದು ಮೊದಲೇ ಹೇಳಿ.

“ಪಳೈಯ ಪಾರ್ಟ್ಸ್ ಎಂಕಿಟ್ಟ ಕುಡುತ್ತುಡುಂಗ.” ಹಳೆಯ ಭಾಗಗಳನ್ನು ನನಗೆ ಕೊಟ್ಟುಬಿಡಿ.

ಒಳ್ಳೆಯ ಮೆಕ್ಯಾನಿಕರು ಈ ಮಾತುಗಳಿಗೆ ಬೇಸರಿಸುವುದಿಲ್ಲ. ರೋಗಿ ಲಕ್ಷಣವನ್ನು ಸರಿಯಾಗಿ ಹೇಳಿದರೆ ವೈದ್ಯನಿಗೂ ಸುಲಭ. ಹೊಸ ಸಾಮಾನಿಗೆ ಜನರಲ್ ಪ್ಯಾಟರ್ಸ್ ರಸ್ತೆಯ ಅಂಗಡಿಗಳಿವೆ, ಹಳೆಯ ಸಾಮಾನಿಗೆ ಪುದುಪ್ಪೇಟೆಯಿದೆ. ಆದರೆ ಕ್ಲಚ್ ಕೇಬಲು, ಬ್ರೇಕಿನ ಸಾಮಾನುಗಳನ್ನು ಹಳತರಲ್ಲಿ ಕೊಳ್ಳಕೂಡದು.

ನೆನಪಿಗೆ

ತಟ್ಟನೆ ನಿಂತರೆ ಸ್ಟ್ಯಾಂಡು. ಮುಗ್ಗರಿಸಿ ನಿಂತರೆ ಕ್ಲಚ್ಚು. ಏದುಸಿರು ಬಿಟ್ಟು ನಿಂತರೆ ಮೊದಲು ಹೊರೆ, ಆಮೇಲೆ ಎಂಜಿನು. ಕಾಸಿಲ್ಲದ ಪರೀಕ್ಷೆ ಮೊದಲು, ಅಗ್ಗದ ಸಾಮಾನು ಆಮೇಲೆ, ಬಿಚ್ಚುವ ಕೆಲಸ ಕಟ್ಟಕಡೆಗೆ.

ನಡುರಸ್ತೆಯಲ್ಲಿ ಗಾಡಿ ನಿಂತರೆ ಅಲ್ಲಿಯೇ ಚಾಲೂ ಮಾಡಲು ಒದ್ದಾಡಬೇಡಿ. ಹಿಂದೆ ಬಸ್ಸು, ಕಂಟೇನರ್ ಲಾರಿಗಳು ಬರುತ್ತಿರುತ್ತವೆ. ಕ್ಲಚ್ಚು ಹಿಡಿದು ಎಡಬದಿಗೆ ತಳ್ಳಿಕೊಂಡು ಹೋಗಿ, ನ್ಯೂಟ್ರಲು ಮಾಡಿಕೊಂಡು, ಆಮೇಲೆ ನೋಡಿ. ಹಾಜರಿ ಹೋದರೆ ಇನ್ನೊಂದು ದಿನ ದುಡಿಯಬಹುದು.

ಪ್ರತಿ ಗಾಡಿಗೂ ಅದರದೇ ಕೈಪಿಡಿ ಇರುತ್ತದೆ. ಮೇಲೆ ಕೊಟ್ಟ ಅಳತೆಗಳಿಗಿಂತ ಅದರಲ್ಲಿರುವುದೇ ಪ್ರಮಾಣ. ಕೈಪಿಡಿ ಇಂಗ್ಲಿಷಿನಲ್ಲಿದೆ, ಓದಲಾರೆವು ಎನ್ನುವವರು ಅದನ್ನು ವಾಚನಾಲಯಕ್ಕೆ ತರಲಿ. ಬೇಕಾದ ಪುಟಗಳನ್ನು ಜೊತೆಯಲ್ಲಿ ಕೂತು ಕನ್ನಡದಲ್ಲಿ ಬರೆದುಕೊಳ್ಳೋಣ.